ಒಂದು ಕುರಿ ಎಂದರೆ ಎಷ್ಟು?

ಬಾದಾಮಿಯ ಗುಹೆಗಳ ಮೆಟ್ಟಿಲ ಮೇಲೆ ಒಮ್ಮೆ ಕೋತಿಯೊಂದು ನನ್ನ ಕೈಯಿಂದ ಬಾಳೆಹಣ್ಣು ಕಸಿದುಕೊಂಡಿತು. ಹಣ್ಣು ಹೋದದ್ದಕ್ಕಲ್ಲ, ‘ಮಂಗಗಳಿಗೆ ತಿನ್ನಲು ಕೊಡಬಾರದು’ ಎಂಬ ಫಲಕದ ಕೆಳಗೇ ಹೋಯಿತಲ್ಲ ಎಂದು ನನಗೆ ಸಂಕಟ. ಕಾವಲುಗಾರನನ್ನು ಹುಡುಕಿಕೊಂಡು ಹೋಗಿ, “ನಾ ಕೊಟ್ಟಿಲ್ರಿ, ಅದ ಕಸಗೊಂಡ್ತು” ಎಂದು ಹೇಳಿಕೆ ಕೊಟ್ಟು ಬಂದೆ. ಅವನು ನನ್ನನ್ನೂ ಕೋತಿಯನ್ನೂ ಒಂದೇ ಕನಿಕರದಿಂದ ನೋಡಿದ. ನಿಯಮದ ವಿಷಯದಲ್ಲಿ ನಾನು ಅಂಥವಳು. ಬಾಗಲಕೋಟೆಯ ಶಾಲೆಯೊಂದರಲ್ಲಿ ಇಷ್ಟು ವರ್ಷ ಗಣಿತ ಕಲಿಸಿದ ಮೇಲೂ, ಉತ್ತರ ಸರಿಯಿದ್ದು ಹಂತ ಬರೆಯದವರಿಗೆ ಪೂರ್ತಿ ಅಂಕ ಹಾಕಲು ನನ್ನ ಕೈ ಏಳುವುದಿಲ್ಲ.

ಇಂಥವಳ ಕೈಗೆ ತಂಗಿಯ ಮಗಳು ಸುಧಾ ಮುನ್ನೂರು ಪುಟದ ಒಂದು ಆಟದ ಪುಸ್ತಕ ಕೊಟ್ಟಳು. ಈ ಆಟಕ್ಕೆ ಮಣೆಯಿಲ್ಲ, ಕಾಯಿಯಿಲ್ಲ, ಗೆಲ್ಲುವವರೂ ಇಲ್ಲ. ಒಬ್ಬರು ಕಥೆ ಕಟ್ಟುತ್ತ ಹೋಗಬೇಕು: ಎದುರಿಗೆ ಕಾಡು ಬಂತು, ಹೊಳೆ ಬಂತು, ರಾಕ್ಷಸ ಬಂದ. ಉಳಿದವರು ತಲೆಗೊಂದು ಪಾತ್ರ ಹಿಡಿದು, ತಾವು ಏನು ಮಾಡುತ್ತೇವೆಂದು ಹೇಳಬೇಕು. ಅದು ಆಗುತ್ತದೋ ಇಲ್ಲವೋ ಎಂಬ ಸಂಶಯ ಬಂದರೆ ದಾಳ ಉರುಳಿಸಬೇಕು. ಅರ್ಧ ಹರಿಕಥೆ, ಅರ್ಧ ಪಗಡೆ ಎನ್ನಿ. ಕಥೆ ನಡೆಸುವವರಿಗೆ ಗೇಮ್ ಮಾಸ್ಟರ್ ಎಂದು ಹೆಸರು. ನಿಯಮಕ್ಕೆ ಅರ್ಥ ಹೇಳುವ ಅಧಿಕಾರವೂ ಅವರದೇ. “ಮಾವಶಿ, ಇದಕ್ಕ ನಿನ್ನ ಬಿಟ್ರ ಯಾರೂ ಇಲ್ಲ” ಎಂದಳು ಸುಧಾ. ಹೊಗಳಿಕೆಯೋ ಕುಚೇಷ್ಟೆಯೋ ಆಗ ತಿಳಿಯಲಿಲ್ಲ.

ರವಿವಾರ ಮಧ್ಯಾಹ್ನ ನಮ್ಮ ಪಡಸಾಲೆಯಲ್ಲಿ ಆಟ. ಆಡುವವರು ಮೂವರು: ಸುಧಾ, ಅವಳ ಗೆಳತಿ ಇಳಕಲ್ಲಿನ ಶಕುಂತಲಾ, ಮತ್ತು ನಮ್ಮ ಓಣಿಯಲ್ಲೇ ಬಾಡಿಗೆಗಿರುವ ಬೀರಪ್ಪ. ಬೀರಪ್ಪನವರದು ಬೇವೂರಿನ ಕುರಿ ಕಾಯುವ ಮನೆತನ. ಈಗ ದನದ ದವಾಖಾನೆಯಲ್ಲಿ ನೌಕರಿ. ಪಾತ್ರ ಆರಿಸುವಾಗ ಸುಧಾ ಬಿಲ್ಲುಗಾತಿಯಾದಳು, ಶಕುಂತಲಾ ಮಾಟಗಾತಿಯಾದಳು. ಬೀರಪ್ಪ ಮಾತ್ರ, “ನಾ ಕುರಿ ಕಾಯಾಂವ ಆಗ್ತೇನ್ರಿ. ನಲವತ್ತ ಕುರಿ ಬರ್ಕೋರಿ ಅಕ್ಕಾರ” ಎಂದರು.

ಪುಸ್ತಕದಲ್ಲಿ ಸ್ಪಷ್ಟವಾಗಿತ್ತು: ಪ್ರತಿ ಪಾತ್ರಕ್ಕೂ ಜೊತೆಯಾಗಿ ಒಂದು ಪ್ರಾಣಿ ಇರಬಹುದು.

“ಒಂದ ಪ್ರಾಣಿ ಅಂತ ಅದ ನೋಡ್ರಿ ಬೀರಪ್ಪ.”

“ಒಂದ ಹಿಂಡ ಐತೆಲ್ರಿ.”

“ಹಿಂಡು ಪ್ರಾಣಿ ಹೆಂಗ ಆಗ್ತದ?”

“ಒಂದ ಕುರಿ ಇಟಗೊಂಡಾಂವಗ ಕುರಿ ಕಾಯಾಂವ ಅಂತಾರೇನ್ರಿ ಅಕ್ಕಾರ?”

ನಾನು ಪುಸ್ತಕದ ಆ ಸಾಲಿನ ಮೇಲೆ ಬೆರಳಿಟ್ಟೆ. ಅವರು ‘ಒಂದು ಕುರಿ’ ಎಂದು ಬರೆದುಕೊಂಡರು. ಆ ದಿನ ಅವರ ಪಾತ್ರ ಉಳಿದಿಬ್ಬರ ಹಿಂದೆ ಹಿಂದೆಯೇ ನಡೆಯಿತು. ಮುಂದಿನ ರವಿವಾರ ಅವರು ಬರಲಿಲ್ಲ. ಅದರ ಮುಂದಿನ ವಾರವೂ ಇಲ್ಲ.

ಇಬ್ಬರೇ ಆಡುವ ಆಟ ಕುಂಟತೊಡಗಿತು. ತಾನೂ ಬಿಡುವುದಾಗಿ ಶಕುಂತಲಾ ಗೊಣಗಿದಳು. ಆಟ ನಿಂತರೆ ಲೋಕವೇನೂ ಮುಳುಗುವುದಿಲ್ಲ. ಆದರೆ ವಾರವಿಡೀ ನಾನು ಆ ಮಧ್ಯಾಹ್ನಕ್ಕಾಗಿ ಕಾಯುತ್ತಿದ್ದೆನೆಂಬುದು ಆಗಷ್ಟೇ ನನಗೆ ಗೊತ್ತಾಯಿತು. ಓಣಿಯಲ್ಲಿ ಸಿಕ್ಕಾಗ ಬೀರಪ್ಪ ನೆಲ ನೋಡುತ್ತ ನಮಸ್ಕಾರ ಮಾಡುತ್ತಿದ್ದರು. ಅದನ್ನು ತಡೆದುಕೊಳ್ಳುವುದು ಇನ್ನೂ ಕಷ್ಟವಾಗಿತ್ತು.

ಆದರೂ ಹಟ ಬಿಟ್ಟೆನೇ? ಶಾಸ್ತ್ರಾಧಾರ ಹುಡುಕಿದೆ. ನಮ್ಮದು ಓದಿನ ಮನೆತನ. ವಾಕ್ಯಕ್ಕೆ ಅರ್ಥ ಹೇಳುವುದರಲ್ಲಿ ಮೀಮಾಂಸಕರನ್ನು ಮೀರಿಸಿದವರಿಲ್ಲ. ಯಜ್ಞದಲ್ಲಿ ‘ಪಾತ್ರೆಯನ್ನು ಒರೆಸಬೇಕು’ ಎಂದಿದ್ದರೆ ಒಂದನ್ನೇ ಒರೆಸಿ ಎದ್ದು ಹೋಗಬೇಡ, ಎಲ್ಲವನ್ನೂ ಒರೆಸು ಎನ್ನುತ್ತಾರೆ ಅವರು. ಪಶುವಿನ ಮಾತು ಬಂದಾಗ ಮಾತ್ರ ಒಂದು ಎಂದರೆ ಒಂದೇ. ಓದಿ ನನಗೆ ಪರಮಾನಂದವಾಯಿತು. ಶಾಸ್ತ್ರ ಪೂರ್ತಿ ನನ್ನ ಕಡೆಗಿತ್ತು. ಬೀರಪ್ಪ ಮಾತ್ರ ಇರಲಿಲ್ಲ.

ಆಗ ಅಜ್ಜ ನೆನಪಾದ. ಏಕಾದಶಿಯ ದಿನ ಜನ ಅವನ ಹತ್ತಿರ ಬಂದು, ಹೀಗಿದ್ದರೆ ಉಣ್ಣಬಹುದೋ, ಹಾಗಿದ್ದರೆ ಉಣ್ಣಬಹುದೋ ಎಂದು ಕೇಳುತ್ತಿದ್ದರು. ಅಜ್ಜ ಪುಸ್ತಕ ಮುಟ್ಟುವ ಮೊದಲು, “ಯಾರು ಉಪವಾಸ ಇರವ್ರು?” ಎಂದು ಕೇಳುತ್ತಿದ್ದ. ಗಟ್ಟಿಮುಟ್ಟಾದ ಗಂಡಸಾದರೆ ಶ್ಲೋಕದ ಮೇಲೆ ಶ್ಲೋಕ ಹೇಳಿ ಉಪವಾಸ ಇರಿಸಿಯೇ ಬಿಡುತ್ತಿದ್ದ. ಮೊಲೆಯೂಡಿಸುವ ತಾಯಿಯಾದರೆ, “ಮೊದಲ ಉಣ್ಣಲಿಕ್ಕೆ ಹೇಳು, ಆಧಾರ ಆಮ್ಯಾಲೆ ಹುಡುಕೋಣು” ಎನ್ನುತ್ತಿದ್ದ. ಆಧಾರ ಸಿಗದೇ ಹೋದದ್ದು ನನಗೆ ನೆನಪಿಲ್ಲ. ನಾನು ಅಜ್ಜನ ಪುಸ್ತಕಗಳನ್ನು ಜೋಪಾನ ಮಾಡಿದ್ದೆ, ಅವನ ಪ್ರಶ್ನೆಯನ್ನು ಬಿಟ್ಟುಬಿಟ್ಟಿದ್ದೆ.

ಅವರು ಬಾರದ ಮೂರನೆಯ ರವಿವಾರ, ಬೀರಪ್ಪ ಊರಿಗೆ ಹೋಗಿದ್ದಾರೆಂದು ತಿಳಿದು ಸುಧಾ ನನ್ನನ್ನು ಬೇವೂರಿನ ಬಸ್ಸಿಗೆ ಹತ್ತಿಸಿಕೊಂಡು ಹೊರಟಳು. ಬೀರಪ್ಪ ಅಣ್ಣನೊಂದಿಗೆ ಕುರಿ ಮೇಯಿಸಲು ಹೋಗಿದ್ದರು. ಅವರ ತಾಯಿ ಚಹಾ ಕೊಟ್ಟು ಅಂಗಳದಲ್ಲಿ ಕೂರಿಸಿದರು. ಅಲ್ಲಿ ಮೂರು ಕುರಿ ಕಟ್ಟಿದ್ದವು. ಒಂದರ ಕಾಲಿಗೆ ಬಿದಿರಿನ ದಬ್ಬೆ ಕಟ್ಟಿತ್ತು, ಉಳಿದೆರಡು ಗಟ್ಟಿಮುಟ್ಟಾಗಿದ್ದವು.

“ಇವೆರಡಕ್ಕ ಏನಾಗೇದ್ರಿ?” ಎಂದೆ.

“ಅವಕ್ಕೇನಾಗಿಲ್ಲವ್ವ. ಅದೊಂದನ್ನ ಕಟ್ಟಿದ್ರ ಮೇವಿಗೆ ಬಾಯಿ ಹಚ್ಚೂದಿಲ್ಲ. ಹಗಲೆಲ್ಲ ಒದರ್ತೈತಿ. ಅದಕ್ಕ ಜೋಡಿಗೆ ಕಟ್ಟೇನಿ.”

ಒಂದು ಕುರಿ ಬದುಕಲು ಮೂರು ಕುರಿ ಬೇಕು. ಈ ಲೆಕ್ಕ ನಾನು ಕಲಿಸಿದ ಯಾವ ಪುಸ್ತಕದಲ್ಲೂ ಇರಲಿಲ್ಲ. ಪಾತ್ರಕ್ಕೆ ಜೊತೆಯಿರಲೆಂದು ಬರೆದ ನಿಯಮವನ್ನೇ ಹಿಡಿದು ಒಬ್ಬರನ್ನು ಒಂಟಿ ಮಾಡಿದ್ದೆ. ನನಗೆ ನಾಚಿಕೆಯಾಯಿತು. ಸಂಜೆ ಬೀರಪ್ಪ ಹಿಂಡು ಹೊಡೆದುಕೊಂಡು ಬಂದಾಗ ಅಂಗಳದಲ್ಲೇ ತೀರ್ಪು ಹೇಳಿದೆ: “ಹಿಂಡ ಅಂದ್ರನ ಒಂದ ಪ್ರಾಣಿ. ನಂದು ತಪ್ಪಾತ್ರಿ ಬೀರಪ್ಪ. ಬರ್ರಿ.”

ಅವರು ನಕ್ಕುಬಿಟ್ಟರು. “ನಲವತ್ತ ಬ್ಯಾಡ್ರಿ ಅಕ್ಕಾರ, ಇಪ್ಪತ್ತ ಸಾಕು. ನಿಮ್ಮ ಆಟದ ಕಾಡಿನ್ಯಾಗ ನಲವತ್ತಕ್ಕ ನೀರು ಸಾಲೂದಿಲ್ಲ.”

ಒಂದು ಸಾಲು ಸಡಿಲಿಸಿದರೆ ಆಟವೇ ಹದಗೆಡುತ್ತದೆಂದು ನನಗೆ ಹೆದರಿಕೆಯಿತ್ತು. ಮುಂದಿನ ರವಿವಾರ ಆಟ ಮತ್ತೆ ಕೂಡಿದಾಗ ಆದದ್ದೇ ಬೇರೆ. ಬಿಸಿಲೇರಿದರೆ ಹಿಂಡು ನೆರಳಿಗೆ ನಿಲ್ಲಬೇಕು ಎಂದರು ಬೀರಪ್ಪ. ಹೊಳೆ ದಾಟುವಾಗ ಮರಿಗಳನ್ನು ಹೊತ್ತುಕೊಳ್ಳಬೇಕು ಎಂದರು. ನಾನು ಒಂದು ಗಂಟು ಬಿಚ್ಚಿದರೆ ಅವರು ತಮಗೆ ತಾವೇ ನಾಲ್ಕು ಹಾಕಿಕೊಂಡರು, ಅದೂ ಖುಷಿಯಿಂದ. ಬಿಲ್ಲು ಹಿಡಿದು ಅವಸರದಲ್ಲಿದ್ದ ಸುಧಾ ಹಲ್ಲು ಕಡಿದಳು.

ಕೊನೆಗೆ ನಿಧಿಯ ಗುಹೆ ಬಂತು. “ಕುರಿ ಕತ್ತಲಿಗೆ ಬರೂದಿಲ್ರಿ. ನೀವು ಹೋಗಿ ಬರ್ರಿ, ನಾ ಹೊರಗ ಕುಂದರ್ತೇನಿ” ಎಂದರು ಬೀರಪ್ಪ.

“ಬಂಗಾರದಾಗ ಪಾಲ ಸಿಗೂದಿಲ್ಲ ಮತ್ತ!” ಎಂದಳು ಶಕುಂತಲಾ.

“ಇರ್ಲಿ ಬಿಡ್ರಿ.”

ಕುರಿ ಕಾಯುತ್ತ ಗುಹೆಯ ಹೊರಗೆ ಕುಳಿತವರಿಗೆ ಏನಾಗುತ್ತದೆ ಎಂದು ಮುನ್ನೂರು ಪುಟ ತಿರುವಿದೆ. ಎಲ್ಲೂ ಇರಲಿಲ್ಲ. ದಾಳ ಕೆಳಗಿಟ್ಟು ಕೇಳಿದೆ: “ಹೊರಗ ಏನಾತ್ರಿ ಬೀರಪ್ಪ? ನೀವ ಹೇಳ್ರಿ.”

ಅವರು ಗೋಡೆಗೊರಗಿ, “ಮೊದಲ ಗಾಳಿ ತಿರುಗ್ತ್ರಿ...” ಎಂದು ಶುರುಮಾಡಿದರು. ಬಿಲ್ಲುಗಾತಿ, ಮಾಟಗಾತಿ ಇಬ್ಬರೂ ಅದನ್ನು ಕೇಳುತ್ತ ಗುಹೆಯ ಬಾಗಿಲಲ್ಲೇ ಕುಳಿತುಬಿಟ್ಟರು. ಆ ದಿನ ಒಳಗೆ ಯಾರೂ ಹೋಗಲಿಲ್ಲ.