ಜೋತಾಡುತ್ತಿದ್ದ ವೈರಿನ ತುದಿ

ಗೆಳೆಯರೇ, ಇವತ್ತು ಬೆಟಗೇರಿಯ ಒಂದು ಸರ್ಕಾರಿ ಕಚೇರಿಯಲ್ಲಿ ಕಂಪ್ಯೂಟರ್‌ಗಳೆಲ್ಲ ಒಟ್ಟಿಗೇ ನಿಂತುಹೋಗಿದ್ದವು. ಬಾಗಿಲಿಗೆ ‘ಸರ್ವರ್ ಡೌನ್’ ಚೀಟಿ. ರಿಪೇರಿಗೆ ಹೋದ ನಾನು ನೋಡಿದರೆ, ಅವನ್ನೆಲ್ಲ ಜೋಡಿಸುವ ನೆಟ್‌ವರ್ಕ್ ಸ್ವಿಚ್ಚಿಗೆ ಒಂದೇ ವೈರಿನ ಎರಡೂ ತುದಿ ಸಿಕ್ಕಿಸಿದ್ದಾರೆ!

“ಯಾರ್ರೀ ಸಿಗಿಸ್ಯಾರ ಇದನ್ನ?”

“ನಾನ ರೀ,” ಗುಮಾಸ್ತರು ಹೆಮ್ಮೆಯಿಂದ ಹೇಳಿದರು. “ತುದಿ ಜೋತಾಡಾಕತ್ತಿತ್ತು. ಸಾಹೇಬ್ರು ಬರಾವ್ರಿದ್ರು, ಚಂದ ಕಾಣ್ಲಿ ಅಂತ ಖಾಲಿ ತೂತಿಗೆ ಹಾಕೀನಿ.”

“ಹಿಂಗ ಹಾಕಿದ್ರ ಕಳಿಸಿದ್ದೆಲ್ಲ ಒಳಗ ಗಿರಕಿ ಹೊಡೀತೈತ್ರಿ, ಮುಂದ ಹೋಗಂಗಿಲ್ಲ,” ಎಂದು ವೈರ್ ಕಿತ್ತೆ. ಎಲ್ಲ ಚಾಲೂ ಆಯಿತು.

ಕೆಲಸಕ್ಕೆ ಬಂದು ಸಾಲಿನಲ್ಲಿ ನಿಂತಿದ್ದ ಹೊಂಬಳ ಊರಿನ ಅಜ್ಜರೊಬ್ಬರು ನನ್ನ ತೋಳು ಹಿಡಿದರು: “ತಮ್ಮಾ, ನನ್ನ ಅರ್ಜಿನೂ ಮೂರು ವರ್ಷದಿಂದ ಇಲ್ಲೇ ಗಿರಕಿ ಹೊಡ್ಯಾಕತ್ತೈತಿ. ಅದರ ವೈರ್ ಯಾವುದು, ಜರಾ ನೋಡಪಾ.”

ನೋಡಿದೆ. ಸಾಹೇಬರ ಟೇಬಲ್ಲಿನ ಮೇಲೆ ಅರ್ಜಿಗಳ ಫೈಲುಗಳನ್ನು ಒಪ್ಪವಾಗಿ ಕಟ್ಟಿ ಜೋಡಿಸಿಟ್ಟಿದ್ದರು, ಏನೂ ಜೋತಾಡುತ್ತಿರಲಿಲ್ಲ. ಎಲ್ಲ ಚಂದವಾಗಿಯೇ ಇತ್ತು.