ಒಂದೇ ನೋವಿಗೆ ಎರಡು ಔಷಧ

ಕಳೆದ ಮಂಗಳವಾರ ಕೌಜಲಗಿಯಲ್ಲಿ ನನ್ನ ಅಕ್ಕ ನೀಲವ್ವನಿಗೆ ಒಳ್ಳೆಯ ನಿದ್ದೆ ಹತ್ತಿತ್ತು. ಮನೆಮಂದಿಗೆಲ್ಲ ಸಮಾಧಾನ. ಖರೆ ಹೇಳಬೇಕೆಂದರೆ, ಅವಳು ಸಾಯುತ್ತಿದ್ದಳು.

ನಾನು ಹೋದಾಗ ಮಧ್ಯಾಹ್ನ. ಅಕ್ಕನ ಅತ್ತೆ ಗಂಗವ್ವನವರು ಬಾಗಿಲಲ್ಲೇ ತಡೆದರು. "ಸಾವಕಾಶ ಬರ್ರಿ. ಮುಂಜಾನಿಂದ ನರಳೇ ಇಲ್ಲ, ಆರಾಮ ಮಲಗ್ಯಾಳ."

ಅಕ್ಕನ ಹೊಟ್ಟೆಯ ಗಡ್ಡೆ ತೆಗೆದು ಎರಡು ವಾರ. ದೂರದ ದೊಡ್ಡಾಸ್ಪತ್ರೆಯಲ್ಲಿ ಆಪರೇಶನ್. ಅಲ್ಲಿಂದ ಗೋಕಾಕದವರೆಗೆ ಮೋಟಾರು, ಮುಂದೆ ಎತ್ತಿನ ಚಕ್ಕಡಿ. ಕುಲುಕಾಟಕ್ಕೆ ಹೊಲಿಗೆ ಎಳೆದು ನೋವು ತಡೆಯದಾದಾಗ ಭಾವನೂ ಗಂಗವ್ವನವರೂ ದಾರಿಯಲ್ಲೊಬ್ಬ ಡಾಕ್ಟರರಲ್ಲಿ ಚಕ್ಕಡಿ ನಿಲ್ಲಿಸಿ ಔಷಧ ತಂದಿದ್ದರು. (ಹೆಸರು ಬೇಡ. ಒಬ್ಬರ ಹೆಸರು ಹಾಕಿದರೆ ಉಳಿದವರು ನಿಶ್ಚಿಂತರಾಗುತ್ತಾರೆ.)

ಅಕ್ಕನ ಭುಜ ಹಿಡಿದು ಅಲುಗಿಸಿದೆ. ಕೂಗಿದೆ. ರೆಪ್ಪೆ ಮಿಸುಕಲಿಲ್ಲ. ತುಟಿ ನೀಲಿ. ಒಂದು ಉಸಿರು ಹೋಗಿ ಇನ್ನೊಂದು ಬರುವಷ್ಟರಲ್ಲಿ ನನ್ನ ಜೀವ ಹೋಗಿ ಬರುತ್ತಿತ್ತು.

"ಏನ್ ಕೊಟ್ಟೀರಿ?" ಎಂದೆ.

"ಎರಡ ದಿನದಿಂದ ಹೇಳಿದ್ದನ್ನ ಕೊಡಾಕತ್ತೇನ್ರಿ. ದೊಡ್ಡ ದವಾಖಾನಿ ಬಾಟ್ಲಿ ಔಷಧ ಒಂದ ಗುಟುಕ, ಈ ಡಾಕ್ಟರ್ ಕೊಟ್ಟಿದ್ದು ಒಂದ ಪುಡಿ. ಒಂದ್ ಹೊತ್ತೂ ತಪ್ಪಿಸಿಲ್ಲ."

ತಪ್ಪಿಸಿದ್ದರೆ ಚೆನ್ನಾಗಿತ್ತು. ಬಾಟಲಿಯಲ್ಲಿದ್ದದ್ದು ಅಫೀಮು ಬೆರೆತ ನೋವಿನ ಔಷಧ. ಪುಡಿಯಲ್ಲಿದ್ದದ್ದೂ ಅಫೀಮೇ.

ಭಾವ ಸೈಕಲ್ ಹತ್ತಿ ಹೋಗಿ ಆ ಡಾಕ್ಟರರನ್ನೇ ಕರೆತಂದರು. ಇಂಜೆಕ್ಷನ್ ಆಯಿತು. "ಮಲಗಾಕ ಬಿಡಬ್ಯಾಡ್ರಿ" ಎಂದರು. ನಾನೂ ಗಂಗವ್ವನವರೂ ಅಕ್ಕನನ್ನು ಆನಿಸಿ ಕೂಡಿಸಿಕೊಂಡು, ಮುಖಕ್ಕೆ ನೀರು ಚಿಮುಕಿಸುತ್ತ, ಅಂಗಾಲು ತಿಕ್ಕುತ್ತ, ಹೆಸರು ಹಿಡಿದು ಕೂಗುತ್ತ ಕೂತೆವು. ದನ ಮನೆಗೆ ಬರುವ ಹೊತ್ತಿಗೆ ಅಕ್ಕ ಕಣ್ಣು ತೆರೆದಳು. "ಯಾಕ ಒದರಾಕತ್ತೀರಿ?" ಎಂದಳು. ನಾನು ಹಿತ್ತಲಿಗೆ ಹೋಗಿ ಕಣ್ಣೊರೆಸಿಕೊಂಡೆ.

ಬದುಕಿದಳಲ್ಲ, ಮತ್ತೇಕೆ ಸಿಟ್ಟು ಎನ್ನುತ್ತೀರಾ? ಕೇಳಿ.

ಡಾಕ್ಟರರು ಕೈ ತೊಳೆಯುತ್ತ ಹೇಳಿದರು: "ಓದಾಕ ಬರದವರ ಕೈಯಾಗ ಔಷಧ ಕೊಟ್ರ ಹಿಂಗ ಆಗೂದು."

ಗಂಗವ್ವನವರು ಸೆರಗು ಸರಿಮಾಡಿಕೊಂಡರು. "ನನಗ ಓದಾಕ ಬರೂದಿಲ್ಲ, ಖರೆ ಐತ್ರಿ. ಮೊದಲ ಏನ್ ಕೊಡಾಕತ್ತೀರಿ ಅಂತ ನೀವ್ ಕೇಳಿದ್ರ, ಹೇಳಾಕ ಬರ್ತಿತ್ತು."

ಡಾಕ್ಟರರು ಚೀಲ ಎತ್ತಿಕೊಂಡರು.

ದೊಡ್ಡಾಸ್ಪತ್ರೆಯವರೇನು ಸಾಚಾ? ಅಕ್ಕನನ್ನು ಮನೆಗೆ ಕಳಿಸುವ ದಿನ ಇಂಗ್ಲಿಷಿನಲ್ಲೊಂದು ಚೀಟಿ ಕೊಟ್ಟರು. ಅದರಲ್ಲೇನಿದೆ ಎಂದು ಬಾಯಿಬಿಟ್ಟು ಒಂದು ಮಾತು ಹೇಳಲಿಲ್ಲ. ಭಾವ ಊರು ಮುಟ್ಟಿದೊಡನೆ ಅದನ್ನು ದೇವರ ಜಗಲಿಯ ಮೇಲೆ ವಿಭೂತಿಯ ಪಕ್ಕ ಇಟ್ಟರು. ದೊಡ್ಡವರ ಕೈಬರಹವಲ್ಲವೇ! ಈ ಔಷಧ ನಡೆದಿರುವಾಗ ನಿದ್ದೆ ತರುವ ಬೇರೇನನ್ನೂ ಕೊಡಬಾರದು ಎಂದು ಅದರಲ್ಲಿ ಸ್ಪಷ್ಟವಾಗಿ ಬರೆದಿತ್ತು.

ನನಗೆ ಹೇಗೆ ಗೊತ್ತು? ಆ ದಿನ ಆಸ್ಪತ್ರೆಯಲ್ಲಿ ನಾನೂ ಇದ್ದೆ. ನಮ್ಮ ಮನೆತನದಲ್ಲಿ ಇಂಗ್ಲಿಷ್ ಬಲ್ಲವನು ನಾನೊಬ್ಬನೇ. ಓದಿದೆ. ಮಡಚಿ ಭಾವನ ಕೈಗಿಟ್ಟು "ಜ್ವಾಕಿ" ಎಂದೆ. ಗೋಕಾಕದಲ್ಲಿಳಿದು ಇದೇ ಅಂಕಣ ಬರೆಯಲು ಹೋದೆ. (ಆ ವಾರ ಊರಿನ ನೈರ್ಮಲ್ಯದ ಬಗ್ಗೆ ಉಪದೇಶ ಮಾಡಿದ್ದೆ. ನಿಮ್ಮಲ್ಲಿ ಕೆಲವರು ಮೆಚ್ಚಿ ಕಾಗದ ಹಾಕಿದ್ದೀರಿ.)

ಹೊಲಿಗೆ ಹಾಕಿಸಿಕೊಂಡವರನ್ನು ಮನೆಗೆ ಕರೆತರುವವರಿಗೆ ನನ್ನದೊಂದೇ ಮಾತು. ಬಾಟಲಿ, ಪುಡಿ, ಚೀಟಿ ಎಲ್ಲವನ್ನೂ ಒಂದೇ ಗಂಟಿನಲ್ಲಿ ಕಟ್ಟಿ. ಯಾವ ಡಾಕ್ಟರರೆದುರು ಕೂತರೂ ಆ ಗಂಟು ಬಿಚ್ಚಿ. ಅವರು ಕೇಳಲಿಕ್ಕಿಲ್ಲ, ನೀವೇ ಹೇಳಿ.

ಕೌಜಲಗಿಯ ಬಾವಿಕಟ್ಟೆಯಲ್ಲಿ ಈಗ ಬೇರೆಯೇ ಸುದ್ದಿ: "ಅತ್ತಿ ಸೊಸಿಗೆ ಏನೋ ಹಾಕಿದ್ಳಂತ." ಗಂಗವ್ವನವರು ಮೂರು ದಿನದಿಂದ ನೀರಿಗೆ ಹೋಗಿಲ್ಲ.

ಆಸ್ಪತ್ರೆಯವರು, ಡಾಕ್ಟರರು, ನಾನು: ಓದು ಬಲ್ಲ ಇಷ್ಟು ಜನರಲ್ಲಿ ಆ ಬಾವಿಕಟ್ಟೆಗೆ ಹೋಗಿ ತಪ್ಪು ನಮ್ಮದು ಎನ್ನುವವರು ಯಾರು?