ಮದ್ದೂರಿನ ಮಹಮೂದಾ, ಹನ್ನೊಂದು ಕಾಲೇಜು

ಆ ಸೋಮವಾರ ಕಂಪ್ಯೂಟರ್ ಹಾಲಿನಲ್ಲಿ ನಾನು ಕಿರುಚಾಡಿದ್ದು ಹೊರಗಿನ ಕ್ಯಾಂಟೀನಿಗೂ ಕೇಳಿಸಿತಂತೆ. ಕೇಳಿಸಲಿ ಬಿಡಿ. ನನ್ನ ಜಾಗದಲ್ಲಿ ಯಾರಿದ್ದರೂ ಕಿರುಚುತ್ತಿದ್ದರು.

ನಾನು ಶಿವರಾಜು, ಮಂಡ್ಯದಲ್ಲಿ ವಿಶ್ವವಿದ್ಯಾಲಯದ ಸರ್ವರ್ ನೋಡಿಕೊಳ್ಳುವವನು. ನಮಗೆ ಸೇರಿದ ಕಾಲೇಜುಗಳ ವೆಬ್‌ಸೈಟುಗಳೆಲ್ಲ ಅದರಲ್ಲೇ ಇದ್ದವು. ಅದಕ್ಕೆ ವಯಸ್ಸಾಗಿತ್ತು. ಶನಿವಾರ ಬೆಳಿಗ್ಗೆ ಹನ್ನೊಂದಕ್ಕೆ ಅದನ್ನು ನಿಲ್ಲಿಸಿ ಹೊಸ ಸರ್ವರ್ ಶುರು ಮಾಡಬೇಕು ಅಂತ ಆದೇಶವಾಗಿತ್ತು. ಅಷ್ಟರೊಳಗೆ ಪ್ರತಿ ಕಾಲೇಜಿನವರೂ ತಮ್ಮ ಸೈಟಿನ ಪೂರ್ತಿ ಪ್ರತಿ ತೆಗೆದು, ಹಳೆಯ ಫಾಂಟಿನಲ್ಲಿದ್ದ ಕನ್ನಡವನ್ನು ಯೂನಿಕೋಡಿಗೆ ಬದಲಾಯಿಸಿ, ಹೊಸದಕ್ಕೆ ಏರಿಸಿ, ಸರಿಯಾಗಿದೆ ಅಂತ ಸಹಿ ಹಾಕಬೇಕು. ಮಾಡದವರ ಸೈಟು ಶನಿವಾರ ಹನ್ನೊಂದಕ್ಕೆ ಮುಚ್ಚಿಹೋಗುತ್ತದೆ. ಪರೀಕ್ಷೆ ಹತ್ತಿರವಿತ್ತು. ವೇಳಾಪಟ್ಟಿಗೆ ಮಕ್ಕಳು ನೋಡುವುದೇ ಆ ಸೈಟುಗಳನ್ನು.

ಮಂಡ್ಯದ ಕಡೆಯವರಿಗೆ ಹಿಂದಿನ ವಾರವೇ ತರಬೇತಿ ಮುಗಿಸಿದ್ದೆ. ಸೋಮವಾರ ಮದ್ದೂರು, ಮಳವಳ್ಳಿ ಕಡೆಯ ಹನ್ನೊಂದು ಕಾಲೇಜುಗಳ ಸರದಿ. ಸೈಟು ನೋಡಿಕೊಳ್ಳುವವರು ಅಂತ ಪ್ರಾಂಶುಪಾಲರು ಬರೆದುಕೊಟ್ಟಿದ್ದ ಹನ್ನೊಂದು ಜನ ಬಂದು ಕೂತಿದ್ದರು. ಇಬ್ಬರು ಗುಮಾಸ್ತರು, ಮೂವರು ಗ್ರಂಥಾಲಯದವರು, ಉಳಿದವರು ಮೇಷ್ಟ್ರುಗಳು.

"ಎಲ್ರೂ ಲಾಗಿನ್ ಆಗಿ. ಈಗ ನಿಮ್ಮ ನಿಮ್ಮ ಫೋನಿಗೆ ಒ.ಟಿ.ಪಿ. ಬರುತ್ತೆ, ಅದನ್ನ ಹಾಕಿ" ಅಂದೆ.

ಒಬ್ಬರ ಫೋನೂ ಸದ್ದು ಮಾಡಲಿಲ್ಲ. ಹನ್ನೊಂದು ಜನವೂ ಫೋನ್ ತೆಗೆದು ಯಾರಿಗೋ ಕರೆ ಮಾಡತೊಡಗಿದರು. ಕಿವಿಗೆ ಇಟ್ಟರು, ತೆಗೆದರು, ಮತ್ತೆ ಒತ್ತಿದರು. ಕಿಟಕಿ ಪಕ್ಕದ ಒಬ್ಬರಿಗೆ ಮಾತ್ರ ಕರೆ ಸೇರಿತು. ಹಲಗೂರಿನ ಕಾಲೇಜಿನ ಗ್ರಂಥಾಲಯದ ಕೆಂಪಸಿದ್ದಯ್ಯ, ನಿವೃತ್ತಿಗೆ ಇನ್ನೆರಡು ವರ್ಷ ಇದ್ದವರು.

"ಅಲೋ, ತಾಯಿ, ನಾನು ಕಣವ್ವ ಕೆಂಪಸಿದ್ದಯ್ಯ. ಒ.ಟಿ.ಪಿ. ಬಂದೈತಾ ನೋಡಿ ಏಳವ್ವ ಬೇಗ."

ಪಕ್ಕದಲ್ಲಿದ್ದ ಮಳವಳ್ಳಿಯ ಮೋಹಿನಿ, ಕನ್ನಡ ಮೇಡಂ, ಮುಖ ಊದಿಸಿಕೊಂಡಳು. "ಬೇಗ ಮುಗಿಸಿ ಅಣ್ಣ, ನಾವೂ ಅವ್ರಿಗೇ ಮಾಡ್ತಿರೋದು. ಬರೀ ಎಂಗೇಜ್ ಬತ್ತಾ ಐತೆ."

ನಾನು ಬೆಪ್ಪಾಗಿ ನಿಂತೆ. ಹನ್ನೊಂದು ಕಾಲೇಜಿನ ಖಾತೆಗೂ ಒಂದೇ ಫೋನ್ ನಂಬರು! ಯಾರದು ಎಂದು ಕೇಳಿದೆ. ಕೆಂಪಸಿದ್ದಯ್ಯನವರೇ ಬಾಯಿಬಿಟ್ಟರು. "ಮದ್ದೂರಲ್ಲಿ ಮಾಮೂದಮ್ಮ ಅಂತ ಸಾ. ಜೆರಾಕ್ಸ್ ಅಂಗ್ಡಿ. ಅವ್ರೇ ಎಲ್ಲಾ ಮಾಡೋದು. ನಾವು ಪೇಪರ್ ಕೊಟ್ ಬತ್ತೀವಿ ಅಷ್ಟೆ."

ಕಿರುಚಿದ್ದು ಆಗ.

ಮಾರನೆಯ ದಿನ ಪ್ಯಾಸೆಂಜರ್ ರೈಲು ಹತ್ತಿದೆ. ಹನಕೆರೆ ಸ್ಟೇಷನ್ನಿನಲ್ಲಿ ಗಾಡಿ ಸುಮ್ಮನೆ ಇಪ್ಪತ್ತು ನಿಮಿಷ ನಿಂತಿತು. ಅಷ್ಟೂ ಹೊತ್ತು ಆ ಹೆಂಗಸಿಗೆ ಏನೇನು ಬಯ್ಯಬೇಕು ಅಂತ ಮನಸ್ಸಿನಲ್ಲೇ ಜೋಡಿಸಿಕೊಂಡೆ. ಮದ್ದೂರಿನಲ್ಲಿ ಇಳಿದು ಕೇಳಿದ ಮೊದಲನೆಯವನೇ ದಾರಿ ತೋರಿಸಿದ. ಹತ್ತಡಿ ಅಗಲದ ಅಂಗಡಿ. ಎರಡು ಕಂಪ್ಯೂಟರು, ಒಂದು ಜೆರಾಕ್ಸ್ ಮಿಷನ್ನು, ಮುಂದೆ ಪಹಣಿಗೆ, ಆಧಾರಿಗೆ ನಿಂತ ಹತ್ತಾರು ಜನ. ಒಳಗೆ ಬುರ್ಖಾ ಹಾಕಿಕೊಂಡು, ಮೂಗಿನ ತುದಿಗೆ ಕನ್ನಡಕ ಇಳಿಸಿಕೊಂಡು, ಪರದೆ ಬಿಟ್ಟು ಕಣ್ಣು ಕದಲಿಸದೆ ಟೈಪು ಮಾಡುತ್ತಿದ್ದ ನಲವತ್ತೈದರ ಹೆಂಗಸು.

"ಏನಮ್ಮ, ಹನ್ನೊಂದು ಕಾಲೇಜಿನ ಪಾಸ್‌ವರ್ಡ್ ಇಟ್ಕೊಂಡು ಕೂತಿದ್ದೀಯಲ್ಲ, ಯಾರು ಕೊಟ್ಟಿದ್ದು ನಿಂಗೆ?" ಅಂದೆ.

ಆಕೆ ಕನ್ನಡಕದ ಮೇಲಿಂದ ನೋಡಿದಳು. "ಅವ್ರೇ ತಂದ್ಕೊಟ್ಟಿದ್ದು ಸಾ. ನಾನೇನ್ ಕದ್ಕೊಂಡ್ ಬಂದ್ನಾ? ಒಂಬತ್ ವರ್ಸದಿಂದ ಕೊಡ್ತಾವ್ರೆ, ನಾನ್ ಮಾಡ್ತಾ ಇವ್ನಿ. ನೀವ್ ಎಲ್ಲೋಗಿದ್ರಿ ಇಷ್ಟ್ ದಿವ್ಸ? ಬನ್ನಿ, ಕುಂತ್ಕಳಿ. ಇವ್ರಿಗೆ ಪಹಣಿ ತಗ್ದುಕೊಟ್ಟು ಬತ್ತೀನಿ."

ಜೋಡಿಸಿಕೊಂಡು ಬಂದಿದ್ದ ಬೈಗುಳವೆಲ್ಲ ಬಾಯಲ್ಲೇ ಉಳಿಯಿತು. ಕೂತೆ.

ಮಹಮೂದಾಳ ಅಪ್ಪ ನಿಜಾಮುದ್ದೀನ್ ಮದ್ದೂರಿನಲ್ಲಿ ಟೈಪ್‌ರೈಟಿಂಗ್ ಕಲಿಸುತ್ತಿದ್ದವರು. ಅವರ ಮೂರು ಟೈಪ್‌ರೈಟರುಗಳ ಸದ್ದಿನಲ್ಲೇ ಈಕೆ ಬೆಳೆದದ್ದು. ಹತ್ತನೇ ವಯಸ್ಸಿಗೆ ಕನ್ನಡ ಕೀಲಿಮಣೆ ಕಣ್ಣುಮುಚ್ಚಿ ಹೊಡೆಯುತ್ತಿದ್ದಳಂತೆ. ಪಿಯುಸಿಗೆ ಓದು ನಿಂತಿತು, ನಿಡಘಟ್ಟದಲ್ಲಿ ಪಂಪ್‌ಸೆಟ್ ರಿಪೇರಿ ಮಾಡುವ ಅಕೀಲ್ ಜೊತೆ ಮದುವೆಯಾಯಿತು. ಟೈಪ್‌ರೈಟರು ಹೋಗಿ ಕಂಪ್ಯೂಟರು ಬಂದಾಗ ಅಪ್ಪ ಅಂಗಡಿ ಮುಚ್ಚೋಣ ಅಂದರು. ಈಕೆ ಬಿಡಲಿಲ್ಲ. ಲಗ್ನಪತ್ರಿಕೆ ಟೈಪು ಮಾಡುತ್ತ ಮಾಡುತ್ತ ಎಲ್ಲವನ್ನೂ ತಾನಾಗಿ ಕಲಿತಳು. ಒಂಬತ್ತು ವರ್ಷದ ಹಿಂದೆ ಒಂದು ಕಾಲೇಜಿನ ಗುಮಾಸ್ತರು ನೋಟೀಸು ಟೈಪು ಮಾಡಿಸಲು ಬಂದು, "ಇದನ್ನ ಸೈಟಿಗೂ ಆಕ್ಬುಡಮ್ಮ, ನಂಗೊತ್ತಾಗಲ್ಲ" ಅಂತ ಪಾಸ್‌ವರ್ಡನ್ನು ಚೀಟಿಯಲ್ಲಿ ಬರೆದುಕೊಟ್ಟರು. ಅವರು ಇನ್ನೊಬ್ಬರಿಗೆ ಹೇಳಿದರು, ಇನ್ನೊಬ್ಬರು ಮತ್ತೊಬ್ಬರಿಗೆ.

ಆಕೆ ಒಂದು ದಪ್ಪ ಲಾಂಗ್ ಬುಕ್ ತೆಗೆದು ನನ್ನ ಮುಂದಿಟ್ಟಳು. ಒಂದೊಂದು ಕಾಲೇಜಿಗೂ ಬೇರೆ ಬೇರೆ ಪುಟ. ಯಾವ ಸೈಟಿನಲ್ಲಿ ಫೋಟೋ ದೊಡ್ಡದಾದರೆ ಕಾಣುವುದಿಲ್ಲ, ಯಾವುದರಲ್ಲಿ ಹಳೆಯ ಫಾಂಟು ಬದಲಾಯಿಸಿದರೆ ಒತ್ತಕ್ಷರ ಕೆಟ್ಟುಹೋಗುತ್ತದೆ, ಅದನ್ನು ಸರಿಮಾಡುವುದು ಹೇಗೆ, ಎಲ್ಲ ಮುದ್ದಾದ ಕನ್ನಡದಲ್ಲಿ. ಇಷ್ಟು ವರ್ಷದ ನನ್ನ ಕೆಲಸದಲ್ಲಿ ನಾನು ಅಷ್ಟು ಚೊಕ್ಕಟವಾಗಿ ಬರೆದಿಟ್ಟವನಲ್ಲ. ನಾಚಿಕೆಯಾಯಿತು. ಆಗಿನಿಂದಲೇ 'ನೀವು' ಅನ್ನಲು ಶುರು ಮಾಡಿದೆ.

ಹೊಸ ಸರ್ವರಿನ ವಿಷಯ ಹೇಳಿದೆ. ನೌಕರರ ಸಂಖ್ಯೆ ಇದ್ದವರಿಗೆ ಮಾತ್ರ ಖಾತೆ, ಅವರದೇ ಫೋನಿಗೆ ಒ.ಟಿ.ಪಿ. ಹೊರಗಿನವರಿಗೆ ಬಾಗಿಲು ಬಂದ್.

ಆಕೆಯ ಕೈ ಕೀಲಿಮಣೆಯ ಮೇಲೆ ನಿಂತಿತು. "ಅಂಗಾರೆ ಶನಿವಾರ ಆದ್ಮೇಲೆ ನಾನು ಒಂದಕ್ಷರನೂ ತಿದ್ದಂಗಿಲ್ಲ?"

"ಇಲ್ಲ."

"ಅವ್ರಿಗೆ ಮಾಡಾಕೂ ಬರಾಕಿಲ್ಲ."

"ಅದಕ್ಕೇ ಬಂದೆ."

ಆಕೆ ಲಾಂಗ್ ಬುಕ್ಕನ್ನು ತನ್ನ ಕಡೆ ಎಳೆದುಕೊಂಡು ಒಂದೊಂದೇ ಪುಟ ತಿರುವತೊಡಗಿದಳು. ನನಗೆ ಒಳಗೊಳಗೇ ಭಯ. ಆಗಲ್ಲ ಹೋಗ್ರಿ ಅಂದುಬಿಟ್ಟರೆ ಹನ್ನೊಂದು ಸೈಟೂ ಶನಿವಾರ ಮಕಾಡೆ ಮಲಗುತ್ತವೆ. ಶನಿವಾರ ಈಕೆಯ ಕೈಯಿಂದ ಕಸಿದುಕೊಳ್ಳುವ ಕೆಲಸವನ್ನು ಆ ಹನ್ನೊಂದು ಜನಕ್ಕೆ ನೀವೇ ಹೇಳಿಕೊಡಿ ಅಂತ ಯಾವ ಮುಖ ಇಟ್ಟುಕೊಂಡು ಕೇಳುವುದು?

"ಏಳ್ಕೊಡ್ತೀನಿ ಸಾ" ಅಂದಳು ಕೊನೆಗೆ. "ಆದ್ರೆ ಇಲ್ಲಲ್ಲ. ನಿಮ್ ಯೂನಿವರ್ಸಿಟೀಲಿ. ಬೋರ್ಡ್ ಮುಂದೆ ನಿಂತ್ಕೊಂಡು ಏಳ್ಕೊಡ್ತೀನಿ. ಒಂಬತ್ ವರ್ಸ ಅವ್ರ್ ಹೆಸ್ರಲ್ ಮಾಡಿವ್ನಿ. ಒಂದ್ ದಿನ ನನ್ ಹೆಸ್ರಲ್ ಮಾಡ್ತೀನಿ. ಆದೇಸದಲ್ಲಿ ನನ್ ಹೆಸ್ರು ಇರ್ಬೇಕು. ಆಯ್ತದಾ?"

"ಆಗುತ್ತೆ" ಅಂದುಬಿಟ್ಟೆ. ಆಗುತ್ತದೋ ಇಲ್ಲವೋ ದೇವರಿಗೇ ಗೊತ್ತಿತ್ತು.

ಬುಧವಾರ ಕುಲಸಚಿವರ ಕೋಣೆಯಲ್ಲಿ ನಿಂತೆ. ಅವರು ನನ್ನ ಟಿಪ್ಪಣಿಯನ್ನು ಎರಡು ಸಲ ಓದಿದರು. "ಶಿವರಾಜು, ಜೆರಾಕ್ಸ್ ಅಂಗಡಿಯವರು ನಮ್ಮ ಲೆಕ್ಚರರುಗಳಿಗೆ ಪಾಠ ಮಾಡೋದಾ? ನಾಳೆ ಯಾರಾದ್ರೂ ಕೇಳಿದ್ರೆ?"

"ಕೇಳಲಿ ಮೇಡಂ. ಒಂಬತ್ತು ವರ್ಷ ಈ ಸೈಟುಗಳನ್ನ ನಡೆಸಿದ್ದು ಯಾರು ಅಂತ ನಾನೂ ಕೇಳ್ತೀನಿ. ಶನಿವಾರ ಹನ್ನೊಂದು ಸೈಟು ಬಿದ್ದುಹೋದ್ರೆ ಆಗ ಕೇಳೋರು ಇನ್ನೂ ಜಾಸ್ತಿ ಇರ್ತಾರೆ" ಅಂದೆ. ದನಿ ಜೋರಾಗೇ ಇತ್ತು. ನನ್ನ ಗಂಟಲೇ ಹಾಗೆ.

ಮೇಡಂ ಪೆನ್ನಿನ ಕ್ಯಾಪು ತೆಗೆದರು. "ಅತಿಥಿ ತರಬೇತುದಾರರು ಅಂತ ಬರೀರಿ. ಅತಿಥಿಗಳನ್ನ ಕರೆಯೋಕೆ ನಮಗೆ ಅಧಿಕಾರ ಇದೆ." ಸಹಿ ಬಿತ್ತು. ಆದೇಶದಲ್ಲಿ ಸ್ಪಷ್ಟವಾಗಿ ಇತ್ತು: ಶ್ರೀಮತಿ ಮಹಮೂದಾ, ಮದ್ದೂರು.

ಗುರುವಾರ ಒಂಬತ್ತೂವರೆಗೇ ಆಕೆ ಹಾಜರು. ಹನ್ನೊಂದು ಜನವೂ ಆಕೆಯನ್ನು ಬೋರ್ಡಿನ ಮುಂದೆ ಕಂಡು ಮೊದಲು ನಕ್ಕರು, ಆಮೇಲೆ ತಬ್ಬಿಬ್ಬಾದರು. ಕೆಂಪಸಿದ್ದಯ್ಯನವರು ಅಭ್ಯಾಸಬಲದಿಂದ ಎದ್ದುಹೋಗಿ, ಅಂಗಡಿಯ ಕೌಂಟರಿನಲ್ಲಿ ಕೊಡುವ ಹಾಗೆಯೇ ಒಂದು ಚೀಟಿ ಮತ್ತು ಪೆನ್‌ಡ್ರೈವ್ ಚಾಚಿದರು. ಆಕೆ ಎರಡೂ ಕೈಯನ್ನು ಬೆನ್ನ ಹಿಂದೆ ಕಟ್ಟಿಕೊಂಡಳು.

"ಇವತ್ತು ನಾನ್ ಏನೂ ಮುಟ್ಟಾಕಿಲ್ಲ ಅಣ್ಣ. ಓಗಿ, ನಿಮ್ ಜಾಗ್ದಲ್ಲಿ ಕುಂತ್ಕಳಿ."

ಸಂಜೆ ನಾಲ್ಕರವರೆಗೆ ಆ ಕೈಗಳು ಬೆನ್ನ ಹಿಂದಿನಿಂದ ಈಚೆಗೆ ಬಂದದ್ದು ಒಂದೇ ಸಲ. ಶುರುವಿನಲ್ಲೇ ಆ ಲಾಂಗ್ ಬುಕ್ ತೆಗೆದು, ಸ್ಕೇಲಿಟ್ಟು, ಒಂದೊಂದು ಕಾಲೇಜಿನ ಪುಟಗಳನ್ನೂ ನೀಟಾಗಿ ಹರಿದು ಅವರವರ ಮೇಜಿನ ಮೇಲೆ ಇಟ್ಟಳು. ಕೊನೆಗೆ ಬರೀ ರಟ್ಟು ಉಳಿಯಿತು. ಆಕೆಯ ಮುಖದಲ್ಲಿ ಏನೂ ಇರಲಿಲ್ಲ, ಕೆಲಸದ ಧ್ಯಾನ ಬಿಟ್ಟು.

ಪಾಠ ಹೇಗಿತ್ತೆಂದರೆ, ನಾನು ಮೂರು ದಿನ ಮಾತಾಡಿದರೂ ತಲೆಗೆ ಹೋಗದ್ದು ಆಕೆಯ ಮೂರು ಮಾತಿಗೆ ಹೋಗುತ್ತಿತ್ತು. "ಮೊದ್ಲು ಪ್ರತಿ ತಗೀರಿ. ಬಾಡ್ಗೆ ಮನೆ ಖಾಲಿ ಮಾಡುವಾಗ ಅಟ್ಟ ನೋಡಾಕಿಲ್ವಾ, ಅಂಗೆ ಒಂದೊಂದ್ ಫೋಲ್ಡ್ರೂ ನೋಡಿ." ಮೋಹಿನಿ ಮಧ್ಯಾಹ್ನದೊಳಗೇ ಮುಗಿಸಿ ಪಕ್ಕದವರಿಗೆ ಸಹಾಯಕ್ಕೆ ನಿಂತಳು. ಮಾಡಿಕೊಡಲು ಹೋದರೆ ಮಹಮೂದಾ ಗದರುತ್ತಿದ್ದಳು. "ಏಳ್ಕೊಡಿ ಮೇಡಂ, ಮಾಡ್ಕೊಡ್ಬ್ಯಾಡಿ. ಮಾಡ್ಕೊಟ್ಟೇ ನಾನು ಇವ್ರನ್ನ ಕೆಡ್ಸಿದ್ದು."

ಮೂರೂವರೆಗೆ ಹತ್ತು ಸೈಟು ಏರಿದ್ದವು. ಉಳಿದದ್ದು ಹಲಗೂರಿನದು. ಅಕ್ಷರ ಬದಲಾಯಿಸಿದಾಗಲೆಲ್ಲ ಕೆಂಪಸಿದ್ದಯ್ಯನವರ ಪುಟ ಚೆಲ್ಲಾಪಿಲ್ಲಿ. ಮೂರನೇ ಸಲಕ್ಕೆ ಅವರು ಮೌಸನ್ನು ದೂರ ನೂಕಿದರು.

"ನನ್ ಕೈಲಾಗಾಕಿಲ್ಲ ಕಣವ್ವ. ಎರಡ್ ವರ್ಸಕ್ಕೆ ರಿಟೈರಾಯ್ತೀನಿ. ನೀನೇ ಒಂದೇಟಿಗೆ ಮಾಡ್ಬುಡು, ಯಾರ್ ನೋಡ್ತಾರೆ?"

ಹಾಲಿನಲ್ಲಿದ್ದವರೆಲ್ಲ ಆಕೆಯನ್ನೇ ನೋಡಿದರು. ಎರಡು ನಿಮಿಷದ ಕೆಲಸ ಆಕೆಗೆ.

"ಎರಡ್ ವರ್ಸ ಅಂದ್ರೆ ಎರಡ್ ಬ್ಯಾಚ್ ಮಕ್ಳು ಕಣಣ್ಣ" ಅಂದಳು ಆಕೆ. "ನಂಗೂ ಕೈ ತುರಿಸ್ತಾ ಐತೆ. ಆದ್ರೂ ಮಾಡಾಕಿಲ್ಲ. ಆ ನನ್ ಪುಟ ಓದಿ, ಮೂರನೇ ಸಾಲು. ಗಟ್ಟಿಯಾಗಿ ಓದಿ."

ಅವರು ಶಾಲೆಯ ಹುಡುಗನಂತೆ ಗಟ್ಟಿಯಾಗಿ ಓದಿದರು. ಓದಿದ್ದನ್ನು ಮಾಡಿದರು. ಪುಟ ನೆಟ್ಟಗೆ ನಿಂತಿತು. ಅವರ ಕಣ್ಣಲ್ಲಿ ನೀರಾಡಿತು. ನಾನು ಕರೆಂಟಿನ ಸ್ವಿಚ್ಚು ನೋಡುವವನಂತೆ ಆಚೆ ತಿರುಗಿದೆ.

ಶನಿವಾರ ಹನ್ನೊಂದಕ್ಕೆ ಹಳೆಯದನ್ನು ನಿಲ್ಲಿಸಿ ಹೊಸದನ್ನು ಎಬ್ಬಿಸಿದೆ. ಹನ್ನೊಂದೂ ಸೈಟು ಒಂದು ಅಕ್ಷರ ಅಲುಗದೆ ಬಂದವು. ಬಿದ್ದದ್ದು ಮಂಡ್ಯ ಕಡೆಯ ಎರಡು ಸೈಟು, ಅವರಿಗೆ ತರಬೇತಿ ಕೊಟ್ಟವನು ನಾನೇ. ಹನ್ನೊಂದು ಖಾತೆಗಳಿಂದ ಮಹಮೂದಾಳ ನಂಬರನ್ನು ಅಳಿಸಿದ್ದೂ ನಾನೇ. ಒಂದೊಂದು ಸಲ ಒತ್ತುವಾಗಲೂ ಮನಸ್ಸಿಗೆ ಪಿಚ್ಚೆನಿಸಿತು.

ಮುಂದಿನ ಗುರುವಾರ ಆಕೆಗೆ ತರಬೇತುದಾರರ ಪ್ರಮಾಣಪತ್ರ ಕೊಡಲು ಮದ್ದೂರಿಗೆ ಹೋದೆ. ಆಕೆ ಅದನ್ನು ಎರಡು ಕೈಯಲ್ಲಿ ಹಿಡಿದು ಓದಿ, ಕಂಪ್ಯೂಟರಿನ ಹಿಂದಿನ ಗೋಡೆಗೆ ಒರಗಿಸಿದಳು. ಅಂಗಡಿ ತುಂಬ ಜನ, ಆದರೆ ಕಾಲೇಜಿನವರು ಒಬ್ಬರೂ ಇಲ್ಲ. ಐದು ದಿನದಿಂದ ಯಾರೂ ಬಂದಿಲ್ಲ ಅಂದಳು.

"ಬೇಜಾರಾ?"

"ಆಗ್ದೆ ಇರ್ತದಾ ಸಾ? ಒಂಬತ್ ವರ್ಸ. ದಿನಾ ಒಂದ್ ಕಿತ ಹನ್ನೊಂದೂ ತಗ್ದು ನೋಡ್ತೀನಿ. ತಗ್ದು ನೋಡಾಕೆ ಪಾಸ್‌ವರ್ಡ್ ಬ್ಯಾಡ್ವಲ್ಲ."

ಅಂದು ನನ್ನೆದುರಿಗೇ ತೆಗೆದಳು. ಹಲಗೂರಿನ ಸೈಟಿನಲ್ಲಿ ಆಗಷ್ಟೇ ಒಂದು ನೋಟೀಸು ಬಿದ್ದಿತ್ತು. ಕಿರುಪರೀಕ್ಷೆ ಇಪ್ಪತ್ತೊಂದನೇ ತಾರೀಕು. ಆಕೆಯ ಹುಬ್ಬು ಗಂಟಾಯಿತು. "ಇಪ್ಪತ್ತೊಂದು ಭಾನುವಾರ ಕಣ್ ಸಾ!"

ಕೈ ಕೀಲಿಮಣೆಗೆ ಹೋಯಿತು. ಹೋಗಿ, ಅಲ್ಲೇ ನಿಂತಿತು. ಏನು ಒತ್ತಿದರೂ ಆಗುವುದಿಲ್ಲ. ಆಮೇಲೆ ಫೋನಿಗೆ ಹೋಯಿತು. ಕೆಂಪಸಿದ್ದಯ್ಯನವರ ಹೆಸರು ತೆಗೆದು, ಒತ್ತದೆ, ಫೋನನ್ನು ಮಗುಚಿ ಇಟ್ಟಳು. "ಹತ್ ನಿಮ್ಸ ನೋಡ್ತೀನಿ. ಆಮ್ಯಾಕೆ ಮಾಡ್ತೀನಿ."

ಯಾರದೋ ಆಧಾರ್ ಜೆರಾಕ್ಸ್ ಮಾಡಿದಳು, ಚಿಲ್ಲರೆ ಕೊಟ್ಟಳು, ಕಣ್ಣು ಮಾತ್ರ ಗಡಿಯಾರದ ಮೇಲೆ. ಏಳನೇ ನಿಮಿಷಕ್ಕೆ ಪುಟವನ್ನು ಮತ್ತೆ ತೆಗೆದಳು. ಇಪ್ಪತ್ತೆರಡು, ಸೋಮವಾರ. ಕೆಳಗೆ ಒಂದು ಸಾಲು: ಮೊದಲು ತಪ್ಪಾಗಿತ್ತು, ಕ್ಷಮಿಸಿ, ಕೆಂಪಸಿದ್ದಯ್ಯ.

ಮಹಮೂದಾ ಕನ್ನಡಕ ತೆಗೆದು ಬುರ್ಖಾದ ತೋಳಿನಲ್ಲಿ ಕಣ್ಣೊರೆಸಿಕೊಂಡಳು. ಅಳುತ್ತಲೇ ನಗುತ್ತಿದ್ದಳು.

"ನೋಡುದ್ರಾ ಸಾ? ಯಾರೂ ಏಳ್ಲಿಲ್ಲ. ಅವ್ರೇ ನೋಡಿ ಅವ್ರೇ ತಿದ್ದವ್ರೆ" ಅಂದಳು. "ಇನ್ನ ಅವ್ರು ಇಲ್ಲಿಗ್ ಬರಾಕಿಲ್ಲ ಬುಡಿ."